ಅಪ್ಪನ ಉಸಿರಾಟಕ್ಕೆ ಗಾಳಿ ತುಂಬುವ ಚೇಂಬರ್ ತರಿಸಬಹುದಾ? ಕಾರವಾರದ ಕಡೆ ಯಾರಾದರೂ ಬಳಸಿದ್ದೀರಾ?

ಕೋಡಿಬಾಗದವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಅಪ್ಪನಿಗೆ 67. ಟ್ರಾಲ್ ಬೋಟಿನಲ್ಲಿ ತಾಂಡೇಲರಾಗಿದ್ದವರು. ಬೀಡಿ ಬಿಟ್ಟು ವರ್ಷಗಳೇ ಆದವು, ಆದರೆ ಮಾಡಬೇಕಾದ್ದನ್ನೆಲ್ಲ ಅದು ಆಗಲೇ ಮಾಡಿ ಮುಗಿಸಿತ್ತು. ಸಿಒಪಿಡಿ, ಅಂದರೆ ಉಸಿರಿನ ನಾಳ ಕಿರಿದಾಗಿ ಶ್ವಾಸಕೋಶ ಹಾಳಾಗುವ ದೀರ್ಘಕಾಲದ ಕಾಯಿಲೆ ಅಂತ ಡಾಕ್ಟರ್ ಹೇಳಿದ್ದಾರೆ. ಇನ್ಹೇಲರ್ ನಡೀತಾ ಇದೆ. ಮೊದಲೆಲ್ಲ ಮೀನು ಮಾರ್ಕೆಟ್ಟಿಗೆ ನಡೆದೇ ಹೋಗಿ ಬರ್ತಿದ್ದವರು ಈಗ ಬಚ್ಚಲಿಗೆ ಹೋಗಿ ಬಂದರೆ ಹತ್ತು ನಿಮಿಷ ಮಾತಾಡೋದಿಲ್ಲ. ಮಳೆಗಾಲ ಶುರುವಾದರೆ ಇನ್ನೂ ಕಷ್ಟ.

ದುಬೈಯಲ್ಲಿರುವ ತಮ್ಮ ಒಂದು ವಿಡಿಯೋ ಕಳಿಸಿದ್ದಾನೆ. ಒಬ್ಬರು ಉದ್ದಕ್ಕೆ ಮಲಗುವಷ್ಟು ದೊಡ್ಡ ದಪ್ಪ ಬಟ್ಟೆಯ ಚೀಲ. ಒಳಗೆ ಮಲಗಿಸಿ ಜಿಪ್ ಎಳೆದು ಕಂಪ್ರೆಸರ್‌ನಿಂದ ಗಾಳಿ ತುಂಬುತ್ತಾರೆ. "ಪೋರ್ಟಬಲ್ ಹೈಪರ್‌ಬೇರಿಕ್ ಚೇಂಬರ್, 1.3 ಎಟಿಎ" ಅಂತ ಬರೆದಿದೆ. ಎಟಿಎ ಅಂದರೆ ಗಾಳಿಯ ಒತ್ತಡದ ಅಳತೆಯಂತೆ. ದಿನಾ ಒಂದು ಗಂಟೆ ಮಲಗಿದರೆ ಶ್ವಾಸಕೋಶ ಚಿಗುರುತ್ತೆ ಅನ್ನೋದು ಅವರ ಮಾತು. ಬೆಲೆ ಲಕ್ಷಗಳಲ್ಲಿದೆ. ತಮ್ಮ ದುಡ್ಡು ಕೊಡಲು ರೆಡಿ. ಅಪ್ಪನೂ "ತರಿಸ್ರೋ, ನೋಡುವಾ" ಅಂತಿದ್ದಾರೆ. ನನಗೆ ಮಾತ್ರ ಯಾಕೋ ಧೈರ್ಯ ಬರ್ತಿಲ್ಲ. ಗೊತ್ತಿದ್ದವರು ಹೇಳಿ.

ಕುಮಟಾ_ಸಿಸ್ಟರ್

ತಮ್ಮಾ, ದುಡ್ಡು ಕಳಿಸೋ ಮೊದಲು ನನಗೆ ಮೂರು ವಿಷಯ ಹೇಳು. ಸುಮ್ನೆ ಕೂತಾಗ ಬೆರಳಿನ ಆಕ್ಸಿಮೀಟರ್‌ನಲ್ಲಿ ಎಷ್ಟು ತೋರಿಸುತ್ತೆ, ನಾಲ್ಕು ಹೆಜ್ಜೆ ನಡೆದ ಮೇಲೆ ಎಷ್ಟು? ಆಸ್ಪತ್ರೆಯಲ್ಲಿ ಯಾವಾಗಾದರೂ ಮಣಿಕಟ್ಟಿನಿಂದ ರಕ್ತ ತೆಗೆದು ಎಬಿಜಿ, ಅಂದರೆ ರಕ್ತದಲ್ಲಿನ ಅನಿಲಗಳ ಪರೀಕ್ಷೆ ಮಾಡಿದ್ದಾರಾ, ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿತ್ತು? ಎದೆಯ ಸಿಟಿ ಸ್ಕ್ಯಾನ್ ಆಗಿದೆಯಾ? ನಾನು ಎದೆರೋಗದ ವಾರ್ಡಿನಲ್ಲಿ ಕೆಲಸ ಮಾಡಿದವಳು. ಇಷ್ಟು ಗೊತ್ತಿಲ್ಲದೆ ಯಾವ ಮೆಷಿನ್ ಬಗ್ಗೆಯೂ ಹೌದು ಅನ್ನಲಾರೆ, ಅಲ್ಲ ಅನ್ನಲಾರೆ.

ಹೊನ್ನಾವರದ_ಹೈದ

ನಮ್ಮ ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಇದರೊಳಗೆ ಮಲಗಿ ಬಂದಿದ್ದಾನೆ. ತುಂಬಾ ಫ್ರೆಶ್ ಅನಿಸುತ್ತೆ ಅಂದ. ವಿದೇಶದಲ್ಲಿ ಆಟಗಾರರೆಲ್ಲ ಮನೆಯಲ್ಲೇ ಇಟ್ಕೊಂಡಿದ್ದಾರೆ. ಇಲ್ಲಿ ಎಲ್ಲದಕ್ಕೂ ಬೇಡ ಅನ್ನೋರೇ ಜಾಸ್ತಿ. ತಮ್ಮ ಕೊಡಿಸ್ತೀನಿ ಅಂದರೆ ತಗೊಳ್ಳಿ ಅಣ್ಣ.

ಶಿರಸಿ_ಚಾರಣಿಗ

ಈ ಚೀಲವನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಹಿಮಾಲಯದ ಒಂದು ಚಾರಣದಲ್ಲಿ. ಅಲ್ಲಿ ಇದಕ್ಕೆ ಗ್ಯಾಮೋ ಬ್ಯಾಗ್ ಅಂತಾರೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಇಗೊರ್ ಗ್ಯಾಮೋ 1980ರ ದಶಕದಲ್ಲಿ ಮಾಡಿದ್ದು. ನಮ್ಮ ಸೇನೆಯವರ ಬಾಯಲ್ಲಿ ಹಾಪೋ ಬ್ಯಾಗ್. ಹಾಪೋ ಅಂದರೆ ಎತ್ತರದ ಜಾಗದಲ್ಲಿ ಶ್ವಾಸಕೋಶಕ್ಕೆ ನೀರು ತುಂಬುವ ಕಾಯಿಲೆ. 1962ರ ಯುದ್ಧದ ಹೊತ್ತಿಗೆ ಬಯಲುಸೀಮೆಯ ಸೈನಿಕರನ್ನು ದಿಢೀರನೆ ಮೇಲೆ ಕಳಿಸಿದಾಗ ಈ ಕಾಯಿಲೆ ಕಂಡು, ಇಂದರ್ ಸಿಂಗ್ ಎಂಬ ಸೇನಾ ವೈದ್ಯರು ಆ ಅನುಭವದ ಮೇಲೆ ಬರೆದದ್ದನ್ನು ಜಗತ್ತೇ ಓದಿದೆ.

ನಾನು ಕಂಡದ್ದು ಹೇಳ್ತೇನೆ. ನಮ್ಮ ಗುಂಪಿನವರಲ್ಲ, ಬೇರೆ ಗುಂಪಿನ ಒಬ್ಬ. ಸಂಜೆಯಿಂದ ಕೆಮ್ಮು, ರಾತ್ರಿ ಹೊತ್ತಿಗೆ ಎದೆಯಲ್ಲಿ ಗೊರಗೊರ ಸದ್ದು, ತುಟಿ ನೀಲಿ. ಕತ್ತಲಲ್ಲಿ ಕೆಳಗೆ ಇಳಿಸಲು ದಾರಿ ಇಲ್ಲ. ಅವನನ್ನು ಚೀಲದಲ್ಲಿ ಮಲಗಿಸಿ ಜಿಪ್ ಎಳೆದರು. ಕಾಲಿನಿಂದ ತುಳಿಯುವ ಪಂಪು. ಇಬ್ಬರು ಸರದಿ ಮೇಲೆ ತುಳಿಯುತ್ತಲೇ ಇದ್ದರು, ನಿಲ್ಲಿಸುವ ಹಾಗೇ ಇಲ್ಲ. ನಿಲ್ಲಿಸಿದರೆ ಅವನು ಬಿಟ್ಟ ಉಸಿರು ಅಲ್ಲೇ ತುಂಬಿಕೊಳ್ಳುತ್ತೆ. ಮುಖದ ಹತ್ತಿರ ಒಂದು ಸಣ್ಣ ಪಾರದರ್ಶಕ ಕಿಟಕಿ. ಗೈಡ್ ಟಾರ್ಚ್ ಹಿಡಿದು ಆ ಕಿಟಕಿಯಲ್ಲಿ ಅವನ ಕಣ್ಣನ್ನೇ ನೋಡುತ್ತಾ ಕೂತಿದ್ದ. ಬೆಳಕು ಹರಿಯುವ ಹೊತ್ತಿಗೆ ಅವನು ನಡೆಯುವಷ್ಟಾದ. ಕೂಡಲೇ ಕೆಳಗೆ ಕರೆದುಕೊಂಡು ಹೋದರು. ಚೀಲ ವಾಸಿ ಮಾಡಲಿಲ್ಲ, ಇಳಿಯುವಷ್ಟು ಹೊತ್ತು ಕೊಟ್ಟಿತು. ವಾಸಿಯಾದದ್ದು ಇಳಿದದ್ದರಿಂದ.

ಅದು ಕೆಲಸ ಮಾಡಿದ್ದು ಯಾಕೆ ಅಂದರೆ ಅಲ್ಲಿ ಗಾಳಿಯೇ ತೆಳು. ಎವರೆಸ್ಟ್ ಬೇಸ್ ಕ್ಯಾಂಪಿನ 5,364 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಚೀಲದೊಳಗೆ ಒತ್ತಡ ಏರಿಸಿದರೆ ಮನುಷ್ಯ ಮಲಗಿದಲ್ಲೇ ಸುಮಾರು 2,000 ಮೀಟರ್ ಕೆಳಗಿಳಿದ ಲೆಕ್ಕ. ಸಮುದ್ರದ ಪಕ್ಕದ ಕೋಡಿಬಾಗದಲ್ಲಿ ಕೂತವರನ್ನು ಇನ್ನೆಲ್ಲಿಗೆ ಇಳಿಸ್ತೀರಿ ಮಾರಾಯ್ರೆ, ಕಾಳಿ ನದಿಯ ಒಳಗಾ?

ಕೋಡಿಬಾಗದವ

ಹಹ್ಹ. ಆದರೂ ಒತ್ತಡ ಹೆಚ್ಚಾದರೆ ಆಕ್ಸಿಜನ್ ಜಾಸ್ತಿ ಸಿಗೋದು ಸುಳ್ಳಲ್ಲ, ಅಲ್ವಾ? ತಮ್ಮ ಹೇಳೋದು ಅದನ್ನೇ.

ಸಿಸ್ಟರ್, ಕೂತಾಗ 87–88 ಇರುತ್ತೆ. ಬಚ್ಚಲಿಂದ ಬಂದಾಗ 82ಕ್ಕೆ ಇಳಿದದ್ದು ನೋಡಿದ್ದೇನೆ. ಉಳಿದ ಫೈಲು ಅಕ್ಕನ ಮನೆಯಲ್ಲಿದೆ, ತರಿಸ್ತೇನೆ.

ಅಂಕೋಲೆ_ಮೇಷ್ಟ್ರು

ಸುಳ್ಳಲ್ಲ. ಆದರೆ ಎಷ್ಟು ಜಾಸ್ತಿ ಅನ್ನೋದನ್ನು ವಿಡಿಯೋದವರು ಹೇಳೋದಿಲ್ಲ, ನಾನು ಹೇಳ್ತೇನೆ. ಹೈಸ್ಕೂಲ್ ಲೆಕ್ಕ.

ನಾವು ಉಸಿರಾಡುವ ಗಾಳಿಯಲ್ಲಿ ಆಕ್ಸಿಜನ್ 21 ಶೇಕಡಾ. ಕಾರವಾರದಲ್ಲಿ ಒತ್ತಡ 1 ಎಟಿಎ. ಚೀಲದೊಳಗೆ ಅದು 1.3 ಆದರೆ 21 ಗುಣಿಸು 1.3, ಅಂದರೆ ಸುಮಾರು 27. ಸಮುದ್ರ ಮಟ್ಟದಲ್ಲೇ ಕೂತು 27 ಶೇಕಡಾ ಆಕ್ಸಿಜನ್ ಇರುವ ಗಾಳಿ ಎಳೆದುಕೊಂಡ ಹಾಗೆ. ಈಗ ಆಸ್ಪತ್ರೆಯಲ್ಲಿ ಮೂಗಿಗೆ ಹಾಕುವ ಎರಡು ಕೊಳವೆಯ ಪ್ಲಾಸ್ಟಿಕ್ ನಳಿಗೆ ನೋಡಿ. ಅದರಲ್ಲಿ ನಿಮಿಷಕ್ಕೆ 2 ಲೀಟರ್ ಬಿಟ್ಟರೆ ಸಿಗೋದು ಹೆಚ್ಚುಕಮ್ಮಿ 28 ಶೇಕಡಾ. ಲಕ್ಷಗಳ ಚೀಲ ದಿನಕ್ಕೆ ಒಂದು ಗಂಟೆ ಕೊಡೋದನ್ನು ಆ ನಳಿಗೆ ಮಲಗಿದಾಗ, ಕೂತಾಗ, ಊಟ ಮಾಡುವಾಗಲೂ ಕೊಡುತ್ತೆ. ಒಳಗೆ ಮಾಸ್ಕ್ ಹಾಕಿ ಆಕ್ಸಿಜನ್ ಬಿಟ್ಟರೆ ಜಾಸ್ತಿ ಸಿಗುತ್ತೆ, ಹೌದು. ಆದರೆ ಆಗ ಕೆಲಸ ಮಾಡ್ತಿರೋದು ಆ ಆಕ್ಸಿಜನ್ ಮೆಷಿನ್. ಚೀಲ ಯಾಕೆ ಬೇಕು?

ಇನ್ನೊಂದು ವಿಷಯ. ಚೀಲದೊಳಗಿನ ಒತ್ತಡ ಉಸಿರನ್ನು ಒಳಗೆ ತಳ್ಳುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ. ಎದೆಯ ಹೊರಗೂ ಅದೇ ಒತ್ತಡ, ಬಾಯಿ ಮೂಗಿನ ಹತ್ತಿರವೂ ಅದೇ. ಎದೆ ಎತ್ತಿ ಇಳಿಸುವ ಕೆಲಸ ಪೂರ್ತಿ ಅಪ್ಪನದ್ದೇ. ಮೇಲಾಗಿ ಒಳಗಿನ ಗಾಳಿ ಹೊರಗಿನದ್ದಕ್ಕಿಂತ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚು ದಟ್ಟ. ಮೊದಲೇ ಕಿರಿದಾದ ನಾಳದಲ್ಲಿ ದಟ್ಟ ಗಾಳಿ ಎಳೆಯೋದು ಇನ್ನೂ ಕಷ್ಟವೇ ಹೊರತು ಸುಲಭ ಅಲ್ಲ.

ಉಸಿರಿಗೆ ಆಸರೆ ಆಗಬೇಕಾದರೆ ಒಳಗೂ ಹೊರಗೂ ಒತ್ತಡದ ವ್ಯತ್ಯಾಸ ಇರಬೇಕು. ಹಳೆಯ ಐರನ್ ಲಂಗ್ ಹಾಗೆ ಕೆಲಸ ಮಾಡ್ತಿತ್ತು. 1928ರಲ್ಲಿ ಬೋಸ್ಟನ್‌ನಲ್ಲಿ ಫಿಲಿಪ್ ಡ್ರಿಂಕರ್, ಲೂಯಿ ಶಾ ಮಾಡಿದ್ದು. ಪೋಲಿಯೊ ರೋಗಿಯ ತಲೆ ಹೊರಗೆ, ಮೈಯೆಲ್ಲ ಪೆಟ್ಟಿಗೆಯ ಒಳಗೆ. ಪೆಟ್ಟಿಗೆಯಲ್ಲಿ ಒತ್ತಡ ಇಳಿಸಿದಾಗ ಎದೆ ತಾನಾಗಿ ಉಬ್ಬಿ ಗಾಳಿ ಒಳಗೆ ಹೋಗುತ್ತೆ. ಈಗಿನ ಬೈಪ್ಯಾಪ್ ಅದರ ಉಲ್ಟಾ, ಮಾಸ್ಕಿನಿಂದ ಒಳಗೆ ತಳ್ಳುತ್ತೆ. ಈ ಚೀಲ ಅದೂ ಅಲ್ಲ, ಇದೂ ಅಲ್ಲ.

ಹೊನ್ನಾವರದ_ಹೈದ

ಮೇಷ್ಟ್ರೆ, ಹಾಗಾದರೆ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಹೈಪರ್‌ಬೇರಿಕ್ ಯಾಕೆ ಇಟ್ಟಿದ್ದಾರೆ? ಎಲ್ಲರೂ ದಡ್ಡರಾ?

ಬಿಣಗಾ_ನಿವೃತ್ತ

ಇದಕ್ಕೆ ನಾನು ಉತ್ತರ ಕೊಡ್ತೇನೆ. ನೌಕಾಪಡೆಯಲ್ಲಿ ಮುಳುಗುಗಾರರ ಜೊತೆ ವೈದ್ಯಕೀಯ ಸಹಾಯಕನಾಗಿದ್ದವನು ನಾನು.

ಹೈದಾ, ಆಸ್ಪತ್ರೆಯದ್ದು ಉಕ್ಕಿನ ಅಥವಾ ದಪ್ಪ ಅಕ್ರಿಲಿಕ್ಕಿನ ಕೋಣೆ. ಒತ್ತಡ 2ರಿಂದ 3 ಎಟಿಎ, ಉಸಿರಾಟಕ್ಕೆ ಶುದ್ಧ ಆಕ್ಸಿಜನ್. ಅದನ್ನು ಈ ಜಿಪ್ ಚೀಲದ ಜೊತೆ ಒಂದೇ ಹೆಸರಲ್ಲಿ ಕರೆಯೋದೇ ಎಲ್ಲ ಗೊಂದಲಕ್ಕೆ ಕಾರಣ. ಆಸ್ಪತ್ರೆಯ ಕೋಣೆಗೆ ಬೇರೆ ಕೆಲಸಗಳಿವೆ: ಮುಳುಗುಗಾರರ ಬೆಂಡ್ಸ್, ರಕ್ತನಾಳಕ್ಕೆ ಹೊಕ್ಕ ಗಾಳಿಗುಳ್ಳೆ, ಕಾರ್ಬನ್ ಮೊನಾಕ್ಸೈಡ್ ವಿಷ, ಗ್ಯಾಸ್ ಗ್ಯಾಂಗ್ರೀನ್, ಸಕ್ಕರೆ ಕಾಯಿಲೆಯವರ ಕೆಲವು ವಾಸಿಯಾಗದ ಕಾಲಿನ ಹುಣ್ಣು, ರೇಡಿಯೇಶನ್ನಿನಿಂದ ಹಾಳಾದ ಅಂಗಾಂಶ. ಈ ಪಟ್ಟಿಯಲ್ಲಿ ಸಿಒಪಿಡಿ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೆತ್ತನೆಯ ಚೀಲಗಳಿಗೆ ಒಪ್ಪಿಗೆ ಕೊಟ್ಟದ್ದು ಪರ್ವತದ ಕಾಯಿಲೆಗೆ. ಶಿರಸಿಯವರು ಹೇಳಿದ್ದು ಅದೇ.

ಬೆಂಡ್ಸ್ ಬಂದವನಿಗೆ ನಾವು ಮಾಡೋದು ಹೀಗೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ಎಟಿಎ ಏರುತ್ತೆ. ಆಳದಲ್ಲಿ ನೈಟ್ರೋಜನ್ ರಕ್ತದಲ್ಲಿ ಕರಗಿರುತ್ತೆ. ಬೇಗ ಮೇಲೆ ಬಂದರೆ ಅದು ಗುಳ್ಳೆಯಾಗಿ ಕೀಲು, ಬೆನ್ನುಹುರಿ, ಮಿದುಳು ಎಲ್ಲೆಂದರಲ್ಲಿ ಸಿಕ್ಕಿಕೊಳ್ಳುತ್ತೆ. ಅವನನ್ನು ಕೋಣೆಯಲ್ಲಿ ಮತ್ತೆ 18 ಮೀಟರ್ ಆಳದ ಒತ್ತಡಕ್ಕೆ, 2.8 ಎಟಿಎಗೆ ಒಯ್ಯುತ್ತೇವೆ. 20 ನಿಮಿಷ ಆಕ್ಸಿಜನ್, 5 ನಿಮಿಷ ಬರೀ ಗಾಳಿ, ಮತ್ತೆ ಆಕ್ಸಿಜನ್. ಯಾಕೆಂದರೆ ಆ ಒತ್ತಡದಲ್ಲಿ ಆಕ್ಸಿಜನ್ನೇ ವಿಷ, ಫಿಟ್ಸ್ ಬರಬಹುದು. ಟೇಬಲ್ 6 ಅಂತಾರೆ ಇದಕ್ಕೆ. ಮುಗಿಯೋಕೆ 4 ಗಂಟೆ 45 ನಿಮಿಷ. ಹೊರಗೆ ಒಬ್ಬ ಗಡಿಯಾರ ಹಿಡಿದು ಕೂತಿರಲೇಬೇಕು. ಇದರಲ್ಲೂ ಸಾಗಿಸುವಂಥದ್ದು ಇದೆ. ಮಡಚಿ ಒಯ್ಯುವ ಒತ್ತಡದ ಸ್ಟ್ರೆಚರ್, 2.8ರವರೆಗೂ ತಡೆಯುತ್ತೆ, ಅಮೆರಿಕದ ನೌಕಾಪಡೆಯವರ ಹತ್ತಿರ ಇದೆ. ಅದು ಮನೆಯಲ್ಲಿಡುವ ಸಾಮಾನಲ್ಲ.

ಇನ್ನು ಬೆಂಕಿ. 1997ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಒಂದು ಆಸ್ಪತ್ರೆಯ ಕೋಣೆಗೆ ಬೆಂಕಿ ಹತ್ತಿ 11 ಜನ ಸತ್ತರು. 2025ರ ಜನವರಿಯಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಐದು ವರ್ಷದ ಹುಡುಗ. ನಾವು ಒಳಗೆ ಬಿಡುವಾಗ ಹತ್ತಿ ಬಟ್ಟೆ ಮಾತ್ರ. ಮೊಬೈಲ್ ಇಲ್ಲ, ಲೈಟರ್ ಇಲ್ಲ, ತಲೆಗೆ ಎಣ್ಣೆ ಇಲ್ಲ. ನಮ್ಮ ಕಡೆಯವರಿಗೆ ಹೇಳಿ ಸಾಕಾಗ್ತಿತ್ತು. ಬೆಳಿಗ್ಗೆ ಎದ್ದು ಕೊಬ್ಬರಿ ಎಣ್ಣೆ ತಲೆಗೆ ಹಚ್ಚದೆ ಮನೆಯಿಂದ ಹೊರಗೆ ಬೀಳೋರು ಯಾರಿದ್ದಾರೆ?

ಮುರ್ಡೇಶ್ವರ_ಡೈವ್

ನಿವೃತ್ತ ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೇನೆ, ವಿಷಯ ಸ್ವಲ್ಪ ಆಚೆ ಹೋದರೂ. ನೇತ್ರಾಣಿ ದ್ವೀಪಕ್ಕೆ ಮುಳುಗಲು ಬರುವ ಟೂರಿಸ್ಟರು ಮೊದಲ ಸಲದವರಾದರೆ 12 ಮೀಟರ್ ಒಳಗೇ ಇರುತ್ತಾರೆ, ಅವರಿಗೆ ಅಪಾಯ ಕಡಿಮೆ. ಆದರೆ ಸರ್ಟಿಫಿಕೇಟ್ ಇದ್ದವರು ದಿನಕ್ಕೆ ಎರಡು ಮೂರು ಸಲ ಮುಳುಗಿ ಸಂಜೆಗೇ ಗೋವಾದಿಂದ ವಿಮಾನ ಹತ್ತುತ್ತಾರೆ. ಒಂದಕ್ಕಿಂತ ಜಾಸ್ತಿ ಡೈವ್ ಆಗಿದ್ದರೆ 18 ಗಂಟೆ ಕಾಯಬೇಕು. ಘಟ್ಟ ಹತ್ತೋದೂ ಎತ್ತರವೇ. ಶಿರಸಿ ಸುಮಾರು 590 ಮೀಟರ್. ವಿಮಾನದ ನಿಯಮ ಶುರುವಾಗೋದು 610 ಮೀಟರಿನಿಂದ, ಆದರೆ ಅಮೆರಿಕದ ನೌಕಾಪಡೆಯ ಪಟ್ಟಿ 300 ಮೀಟರಿನಿಂದಲೇ ಲೆಕ್ಕ ಹಿಡಿಯುತ್ತೆ. ಅದಕ್ಕೇ ಶಿರಸಿ, ಯಲ್ಲಾಪುರದ ಹುಡುಗರಿಗೆ ನಾನು ರಾತ್ರಿ ಇಲ್ಲೇ ಉಳಿದು ಬೆಳಿಗ್ಗೆ ದೇವಿಮನೆ ಘಟ್ಟ ಹತ್ತಿ ಅಂತೇನೆ.

ಶಿರಸಿ_ಚಾರಣಿಗ

ಇದು ಗೊತ್ತಿರಲಿಲ್ಲ. ನಮ್ಮ ಹುಡುಗರ ಗುಂಪಿಗೆ ಹಾಕ್ತೇನೆ.

ಭಟ್ಕಳದ_ಬಾವ

ಎಲ್ಲ ಸರಿ. ಎದೆ ಹಿಡಿದರೆ ಈಗಲೂ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕಲ್ಲ ನಮ್ಮ ಜಿಲ್ಲೆಯವರು. ಅದರ ಬಗ್ಗೆ ಯಾರಾದರೂ ಮಾತಾಡಿ.

ವೇದಿಕೆ_ನಿರ್ವಾಹಕ

ಬಾವ, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಚರ್ಚೆ ಬೇರೆಯೇ ಇದೆ, ಅಲ್ಲಿ ಬನ್ನಿ. ಇಲ್ಲಿ ಅವರ ಅಪ್ಪನ ವಿಷಯ ಮುಗಿಯಲಿ.

ಕೋಡಿಬಾಗದವ

ಫೈಲು ಬಂತು. ಎಬಿಜಿಯಲ್ಲಿ ಕಾರ್ಬನ್ ಡೈಆಕ್ಸೈಡ್ 54. ಸಿಟಿ ರಿಪೋರ್ಟಿನಲ್ಲಿ "ಎಂಫಿಸೀಮಾ, ಬಲಗಡೆ ಮೇಲ್ಭಾಗದಲ್ಲಿ ದೊಡ್ಡ ಬುಲ್ಲಾ" ಅಂತಿದೆ. ಬುಲ್ಲಾ ಅಂದರೇನು?

ಮಾರುವವರಿಗೆ ಫೋನ್ ಮಾಡಿದ್ದೆ. ಸಿಒಪಿಡಿ ಅಂದ ತಕ್ಷಣ "ಅದಕ್ಕೇ ಇರೋದು ಸರ್" ಅಂದರು. ಸಿಟಿ ರಿಪೋರ್ಟ್ ಬೇಕಾ ಅಂದರೆ "ಏನೂ ಬೇಡ" ಅಂದರು.

ಕುಮಟಾ_ಸಿಸ್ಟರ್

ಬೇಡ. ಆ ಚೀಲದ ಹತ್ತಿರವೂ ಅಪ್ಪನನ್ನು ಬಿಡಬೇಡ.

ಎಂಫಿಸೀಮಾ ಅಂದರೆ ಶ್ವಾಸಕೋಶದ ಸಣ್ಣ ಗಾಳಿಗೂಡುಗಳ ಗೋಡೆ ಹಾಳಾಗೋದು. ಬುಲ್ಲಾ ಅಂದರೆ ಹಾಗೆ ಗೋಡೆ ಹರಿದು ಆದ ಗಾಳಿಯ ಗುಳ್ಳೆ. ಗಾಳಿ ಒಳಗೆ ಹೋಗುತ್ತೆ, ಸರಿಯಾಗಿ ಹೊರಗೆ ಬರೋದಿಲ್ಲ. ಚೀಲದಲ್ಲಿ ಒತ್ತಡ ಏರುವಾಗ ಏನೂ ಅನಿಸಲಿಕ್ಕಿಲ್ಲ. ಇಳಿಸುವಾಗ ಆ ಗುಳ್ಳೆಯಲ್ಲಿ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತೆ. ಒಡೆದರೆ ಎದೆಗೂಡಿಗೆ ಗಾಳಿ ನುಗ್ಗಿ ಶ್ವಾಸಕೋಶ ಮುದುಡುತ್ತೆ. ನ್ಯೂಮೋಥೊರಾಕ್ಸ್ ಅಂತಾರೆ. ನಿಮ್ಮ ಅಪ್ಪನಂಥವರಿಗೆ ಅದು ಜೀವಕ್ಕೇ ಅಪಾಯ. ಆಸ್ಪತ್ರೆಯ ಕೋಣೆಗೆ ಹಾಕುವ ಮೊದಲು ಎದೆಯ ಚಿತ್ರ ನೋಡೋದು ಇದಕ್ಕೇ. ಇವರು "ಏನೂ ಬೇಡ" ಅಂದರಲ್ಲ, ಅಲ್ಲಿಗೆ ಅವರಿಗೆ ಏನು ಗೊತ್ತಿದೆ ಅನ್ನೋದು ಗೊತ್ತಾಯ್ತು.

ಬಿಣಗಾ_ನಿವೃತ್ತ

ಅಪ್ಪ ತಾಂಡೇಲರಲ್ವಾ, ಅವರಿಗೆ ಹೀಗೆ ಹೇಳಿ, ಒಂದೇ ಸಲಕ್ಕೆ ಅರ್ಥ ಆಗುತ್ತೆ. ಆಳದಿಂದ ಗಾಳದಲ್ಲಿ ಬೇಗ ಎಳೆದ ಗೋಬ್ರ ಮೀನು ಮೇಲೆ ಬರುವಾಗ ಹೇಗಿರುತ್ತೆ? ಒಳಗಿನ ಗಾಳಿಚೀಲ ಉಬ್ಬಿ ಹೊಟ್ಟೆಯೇ ಬಾಯಿಗೆ ಬಂದಿರುತ್ತೆ. ಅವರ ಎದೆಯಲ್ಲಿರುವ ಗುಳ್ಳೆಯೂ ಒತ್ತಡ ಇಳಿದಾಗ ಹಾಗೇ ಉಬ್ಬುತ್ತೆ.

1.3 ಅಂದರೆ ಬರೀ 3 ಮೀಟರ್ ಆಳ, ಅಷ್ಟಕ್ಕೇನಾಗುತ್ತೆ ಅಂತ ಯಾರಾದರೂ ಹೇಳಬಹುದು. ಕೆರೆಯಷ್ಟು ಆಳದಲ್ಲಿ ಸಿಲಿಂಡರ್ ಗಾಳಿ ಉಸಿರಾಡಿ, ಉಸಿರು ಬಿಗಿಹಿಡಿದು ಮೇಲೆ ಬಂದು ಶ್ವಾಸಕೋಶ ಒಡೆದುಕೊಂಡವರಿದ್ದಾರೆ. ಜಿಪ್ ಚೀಲದ ವಿಷಯದಲ್ಲಿ ನಮ್ಮ ಊರಿನ ಇನ್ನೊಂದು ಕಾಟ ಮರೆಯಬೇಡಿ. ಜೂನ್ ತಿಂಗಳಲ್ಲಿ ಮರ ಬಿದ್ದು ಕರೆಂಟ್ ಹೋದರೆ ಕಂಪ್ರೆಸರ್ ನಿಂತಿತು. ಒಳಗೆ ಹೊಸ ಗಾಳಿ ಇಲ್ಲ. ಗಾಬರಿಯಾಗಿ ಸರ್ರನೆ ಜಿಪ್ ಎಳೆದರೆ ಒತ್ತಡ ದಡಕ್ಕನೆ ಇಳಿಯಿತು. ಮೊದಲೇ ಕಾರ್ಬನ್ ಡೈಆಕ್ಸೈಡ್ 54ಕ್ಕೆ ಏರಿರುವ ಮನುಷ್ಯ.

ಹೊನ್ನಾವರದ_ಹೈದ

ಸರಿ ಸರ್, ಬುಲ್ಲಾ ಇದ್ದರೆ ಬೇಡ ಅನ್ನೋದು ಒಪ್ಪಿದೆ. ಆದರೂ ಆರೋಗ್ಯ ಸರಿ ಇದ್ದವರು ಒಂದು ಗಂಟೆ ಮಲಗಿ ಬಂದರೆ ತಪ್ಪೇನಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಅಂಕೋಲೆ_ಮೇಷ್ಟ್ರು

ಮೊಬೈಲ್ ಇಲ್ಲದೆ ಒಂದು ಗಂಟೆ ಕಣ್ಣು ಮುಚ್ಚಿ ಮಲಗಿದರೆ ನನಗೂ ಫ್ರೆಶ್ ಅನಿಸುತ್ತೆ ಹೈದಾ. ಜಗಲಿಯಲ್ಲಿ ಮಲಗು, ಪುಕ್ಕಟೆ.

ಕೋಡಿಬಾಗದವ

ಚೀಲದ ಆಸೆ ಬಿಟ್ಟೆವು. ತಮ್ಮನಿಗೆ ಈ ಚರ್ಚೆಯನ್ನೇ ಕಳಿಸಿದೆ. ಸ್ವಲ್ಪ ಮುನಿಸಿಕೊಂಡ, ಆಮೇಲೆ "ಹಾಗಾದರೆ ಬೇರೆ ಏನು ಕೊಡಿಸಲಿ ಹೇಳು" ಅಂದ. ಏನು ಹೇಳಲಿ?

ಕುಮಟಾ_ಸಿಸ್ಟರ್

ಮೊದಲು ಎದೆರೋಗದ ಡಾಕ್ಟರ ಹತ್ತಿರ ಈ ಫೈಲು ಹಿಡಿದು ಹೋಗು. ಕೂತಾಗಲೇ 88 ಅಥವಾ ಅದಕ್ಕಿಂತ ಕಡಿಮೆ ಅಂದರೆ ಮನೆಯಲ್ಲಿ ಆಕ್ಸಿಜನ್ ಬೇಕಾಗಬಹುದು. ಅದನ್ನು ಕೊಡೋದು ದಿನಕ್ಕೆ ಒಂದು ಗಂಟೆ ಅಲ್ಲ, ಕನಿಷ್ಠ 15 ಗಂಟೆ, ರಾತ್ರಿ ನಿದ್ದೆಯೂ ಸೇರಿ. ಹಾಗೆ ದಿನದ ಹೆಚ್ಚು ಹೊತ್ತು ಕೊಟ್ಟರೆ ಇಂಥವರು ಜಾಸ್ತಿ ಕಾಲ ಬದುಕುತ್ತಾರೆ ಅಂತ 1980, 1981ರಲ್ಲೇ ಅಮೆರಿಕ, ಬ್ರಿಟನ್‌ಗಳ ಎರಡು ಅಧ್ಯಯನ ತೋರಿಸಿವೆ.

ಆದರೆ ನಾಬ್ ನಿಮ್ಮ ಕೈಯಲ್ಲಿ ತಿರುಗಿಸೋ ಹಾಗಿಲ್ಲ. ಕಾರ್ಬನ್ ಡೈಆಕ್ಸೈಡ್ ಏರಿದವರಿಗೆ ಗುರಿ 88ರಿಂದ 92. "ಪಾಪ, 98 ಬರಲಿ" ಅಂತ ಜಾಸ್ತಿ ಬಿಟ್ಟರೆ ಒಳಗೆ ಕಾರ್ಬನ್ ಡೈಆಕ್ಸೈಡ್ ಇನ್ನೂ ಏರಿ ಮಂಪರು ಬರುತ್ತೆ. ಬೆಳಿಗ್ಗೆ ತಲೆನೋವು, ಹಗಲಲ್ಲೂ ತೂಕಡಿಕೆ ಇದ್ದರೆ ಡಾಕ್ಟರಿಗೆ ಹೇಳು. ಇಲ್ಲಿಯೇ ಬೈಪ್ಯಾಪ್ ಪ್ರಶ್ನೆ ಬರೋದು. ಬುಲ್ಲಾ ಇರೋದರಿಂದ ಅದರ ಒತ್ತಡ ಎಷ್ಟು ಅನ್ನೋದನ್ನೂ ಅವರೇ ನಿರ್ಧರಿಸಬೇಕು.

ಮತ್ತೆ ಇನ್ಹೇಲರ್ ಹೇಗೆ ಎಳೀತಾರೆ ಅಂತ ಒಮ್ಮೆ ಎದುರು ಕೂತು ನೋಡು. ಎಷ್ಟೋ ಜನರ ಮದ್ದು ಗಂಟಲಲ್ಲೇ ನಿಲ್ಲುತ್ತೆ. ಇನ್ಹೇಲರ್‌ಗೆ ಸಿಕ್ಕಿಸುವ ಕೊಳವೆ, ಸ್ಪೇಸರ್ ಅಂತ, ಕೆಲವು ನೂರು ರೂಪಾಯಿ, ತಗೋ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಮಳೆಗಾಲಕ್ಕೆ ಮೊದಲು ಹಾಕಿಸು.

ಅಂಕೋಲೆ_ಮೇಷ್ಟ್ರು

ಕರೆಂಟಿನ ಲೆಕ್ಕ ನನ್ನದು. ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ ಮೆಷಿನ್, ಅಂದರೆ 5 ಲೀಟರಿನ ಕಾನ್ಸಂಟ್ರೇಟರ್, ಸುಮಾರು 300–350 ವಾಟ್ ಎಳೆಯುತ್ತೆ. ಮನೆಯ ಮಾಮೂಲಿ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಫ್ಯಾನು ದೀಪ ಎಲ್ಲ ಆರಿಸಿದರೂ ಮೂರ್ನಾಲ್ಕು ಗಂಟೆ ಎಳೆದರೆ ಹೆಚ್ಚು. ಅದಕ್ಕೆ ಜೊತೆಯಲ್ಲಿ ಒಂದು ಬಿ ಟೈಪ್ ಸಿಲಿಂಡರ್ ಇರಲಿ. ಅದರಲ್ಲಿ 1,500 ಲೀಟರ್ ಇರುತ್ತೆ. ನಿಮಿಷಕ್ಕೆ 2 ಲೀಟರಿನ ಹಾಗೆ 12 ಗಂಟೆ ದಾಟುತ್ತೆ. ಗಾಳಿಮಳೆಯ ಒಂದು ರಾತ್ರಿಗೆ ಸಾಕು.

ಮೆಷಿನ್ ಯಾವುದೇ ಇರಲಿ, ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ಮೆಡಿಕಲ್ ಡಿವೈಸಸ್ ರೂಲ್ಸ್ 2017ರ ಪ್ರಕಾರ ಲೈಸೆನ್ಸ್ ನಂಬರ್ ಏನು, ಯಾವ ಕಾಯಿಲೆಗೆ ಅಂತ ಅದರಲ್ಲಿ ಬರೆದಿದೆ? ಫೋನ್ ಇಟ್ಟುಬಿಟ್ಟರೆ ಉತ್ತರ ಸಿಕ್ಕಿತು ಅಂತ ತಿಳೀರಿ.

ಕೋಡಿಬಾಗದವ

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಒಂದೇ ಪ್ರಶ್ನೆ ಉಳಿದಿದೆ. ಪರಿಚಯದವರ ಮನೆಯಲ್ಲಿ 2021ರ ಎರಡನೇ ಅಲೆಯಲ್ಲಿ ತಂದ ಕಾನ್ಸಂಟ್ರೇಟರ್ ಸುಮ್ನೆ ಬಿದ್ದಿದೆ. ಹಾಗೇ ತಗೊಂಡು ಹೋಗಿ ಅಂತಿದ್ದಾರೆ. ಆಗುತ್ತಾ?

ಬಿಣಗಾ_ನಿವೃತ್ತ

ಆನ್ ಮಾಡಿದಾಗ ಗಾಳಿ ಬರ್ತಿದೆ ಅಂತ ತಗೋಬೇಡಿ. ಒಳಗೆ ಜಿಯೋಲೈಟ್ ಅಂತ ಕಾಳು ಇರುತ್ತೆ. ಗಾಳಿಯಲ್ಲಿನ ನೈಟ್ರೋಜನ್ ಹಿಡಿದಿಟ್ಟುಕೊಂಡು ಆಕ್ಸಿಜನ್ ಬಿಡೋದು ಅದೇ. ವರ್ಷಗಟ್ಟಲೆ ಓಡಿಸದೆ ನಮ್ಮ ಕರಾವಳಿಯ ತೇವದಲ್ಲಿ ಇಟ್ಟರೆ ಅದು ನೀರು ಹೀರಿ ಕೆಟ್ಟಿರುತ್ತೆ. ಆಗ ಸದ್ದು ಮಾತ್ರ ಜೋರು, ಬರೋದು ಬರೀ ಗಾಳಿ. ಸರ್ವೀಸ್ ಮಾಡುವವರ ಹತ್ತಿರ ಆಕ್ಸಿಜನ್ ಅನಲೈಜರ್ ಇರುತ್ತೆ. 2 ಲೀಟರಿನಲ್ಲೂ 5 ಲೀಟರಿನಲ್ಲೂ ಅರ್ಧ ಗಂಟೆ ಓಡಿಸಿ ನೋಡಲಿ. 90ಕ್ಕಿಂತ ಮೇಲೆ ನಿಂತರೆ ತಗೊಳ್ಳಿ. ಹಿಂದುಗಡೆ ಗಂಟೆ ತೋರಿಸುವ ಮೀಟರ್ ಇದ್ದರೆ ಅದರ ಫೋಟೋ ಇಲ್ಲಿ ಹಾಕಿ, ನೋಡಿ ಹೇಳ್ತೇನೆ.

ಕುಮಟಾ_ಸಿಸ್ಟರ್

ಮೂಗಿನ ನಳಿಗೆ, ನೀರಿನ ಬಾಟಲಿ ಎರಡೂ ಹೊಸದು ತಗೋ, ಅವರು ಬಳಸಿದ್ದು ಬೇಡ. ಬಾಟಲಿಗೆ ಕಾಯಿಸಿ ಆರಿಸಿದ ನೀರು, ದಿನಾ ಬದಲಿಸಬೇಕು. ಮೆಷಿನನ್ನು ದೇವರ ಕೋಣೆಯ ಪಕ್ಕ ಇಡಬೇಡಿ. ನಳಿಗೆ ಹಾಕಿಕೊಂಡು ಅಪ್ಪ ದೀಪ ಹಚ್ಚೋದಾಗಲಿ, ಊದುಬತ್ತಿ ಹಚ್ಚೋದಾಗಲಿ ಬೇಡವೇ ಬೇಡ. ಅದನ್ನು ಅಮ್ಮ ಮಾಡಲಿ. ಡಾಕ್ಟರ ಹತ್ತಿರ ಯಾವತ್ತು ಹೋಗ್ತೀರಿ?

ಕೋಡಿಬಾಗದವ

ಸೋಮವಾರ. ಮೀಟರಿನ ಫೋಟೋ ಸಂಜೆ ಹಾಕ್ತೇನೆ.